ನಾಲಿಗೆ ಇಲ್ಲದ ಗಂಟೆ

ತೊಟ್ಟಿಯ ತಳದಿಂದ ನನ್ನ ಕೈಗೆ ಬಂದದ್ದು ಕುರಿಯ ತೊಗಲಲ್ಲ. ಮೊಳದುದ್ದದ ಎರಡು ಚರ್ಮದ ಪಟ್ಟಿಗಳು. ಒಂದಕ್ಕೊಂದು ದಾರದಿಂದ ಕಟ್ಟಿಕೊಂಡಿದ್ದವು. ಒಂದು ಹೊಸದು, ಬೆಳ್ಳಗಿತ್ತು. ಇನ್ನೊಂದು ಕಪ್ಪಗೆ ಕೊಳೆತು ನಡುವೆ ಹರಿದಿತ್ತು.

"ರೀ, ಇನ್ನೂ ಆಗ್ಲಿಲ್ವಾ ತೊಟ್ಟಿ ಖಾಲಿ ಮಾಡೋದು?" ಹಿತ್ತಿಲಿಂದ ವಿಲ್ಮಟ್ ಕೂಗಿದಳು.

ನನ್ನ ಹೆಂಡತಿಗೆ ಆ ತೊಟ್ಟಿ ಅವತ್ತೇ ಖಾಲಿಯಾಗಬೇಕಿತ್ತು. ಊರಲ್ಲಿ ಒಬ್ಬನನ್ನು ನೇಣಿಗೆ ಹಾಕುವ ದಿನ, ಊರಕಾವಲಿನವನಾದ ನಾನು ಹೋಗಿ ಹಗ್ಗದ ಪಕ್ಕ ನಿಂತಿರಬೇಕಾದ ದಿನ, ಇವಳಿಗೆ ಪಟಿಕದ ನೀರಿನ ಚಿಂತೆ. ನಾಳೆ ಮಾಡ್ತೀನಿ ಎಂದರೆ ಕೇಳಲಿಲ್ಲ. ನೀರು ಕೊಳೆತು ಮನೆಯೆಲ್ಲ ನಾರುತ್ತಿದೆ ಎಂದಳು. ತೊಗಲು ಹದಮಾಡುವವನ ಮನೆ ಮತ್ತೇನು ಗುಲಾಬಿಯ ಹಾಗೆ ಘಮಘಮಿಸುತ್ತದೆಯೇ? ಇಷ್ಟು ವರ್ಷ ಇಲ್ಲದ ಮೂಗು ಅವತ್ತು ಬೆಳಿಗ್ಗೆ ಅವಳಿಗೆ ಬಂದಿತ್ತು.

ನಾನು ಹರಿದ ಪಟ್ಟಿಯನ್ನು ಬೆಳಕಿಗೆ ಹಿಡಿದೆ. ಎರಡೂ ತುದಿಗೆ ಕಬ್ಬಿಣದ ತುಕ್ಕು ಮೆತ್ತಿತ್ತು. ತುದಿಯ ಗಂಟನ್ನು ತಿರುಗಿಸಿ ನೋಡಿದೆ. ಇಂಥ ಗಂಟು ಹಾಕುವವನು ನಮ್ಮೂರು ಬ್ರಾಕನ್‌ಫರ್ಡಿನಲ್ಲಿ ಒಬ್ಬನೇ. ಇಂಥ ಪಟ್ಟಿ ಇರುವ ಜಾಗವೂ ಒಂದೇ. ಚರ್ಚಿನ ದೊಡ್ಡ ಗಂಟೆಯೊಳಗೆ ಅದರ ನಾಲಿಗೆಯನ್ನು ತೂಗುಹಾಕುವ ಪಟ್ಟಿ ಅದು.

"ವಿಲ್ಮಟ್, ಇದನ್ನ ಯಾರು ತಂದಿಟ್ಟಿದ್ದು?"

"ಡಿಗರಿ. ಪೆಂತೆಕೋಸ್ತ್ ಹಬ್ಬದ ಹಿಂದಿನ ದಿನ. ಹಳೇದರ ಅಳತೇಲೇ ಹೊಸದು ಬೇಕು ಅಂದ. ನೀವು ಎಕ್ಸೆಟರ್‌ಗೆ ಹೋಗಿದ್ರಲ್ಲ, ನಾನೇ ಕತ್ತರಿಸಿ ನೆನೆಹಾಕಿದೆ." ಒದ್ದೆ ಕೈ ಒರೆಸಿಕೊಳ್ಳುತ್ತ ಅವಳು ಬಾಗಿಲಿಗೆ ಬಂದು ನಿಂತಳು. "ಏನ್ ನೋಡ್ತಾ ನಿಂತಿದೀರ? ಹೊತ್ತು ನೆತ್ತಿಗೆ ಬರ್ತಿದೆ. ಓಡಿ."

ನಾನು ಓಡಿದೆ.

ಓಡುತ್ತಲೇ ಹೇಳಿಬಿಡುತ್ತೇನೆ. ಹೊಸ ಇಂಗ್ಲಿಷ್ ಪ್ರಾರ್ಥನೆ ಬೇಡ, ನಮ್ಮ ಹಳೆಯ ಲ್ಯಾಟಿನ್ ಪೂಜೆಯೇ ಬೇಕು ಎಂದು ಎದ್ದ ನಮ್ಮ ಡೆವನ್ ಸೀಮೆಯ ಜನ ರಾಜನ ಸೈನ್ಯದ ಕೈಲಿ ಸೋತು ಸುಣ್ಣವಾಗಿ ಮನೆಗೆ ಬಂದಿದ್ದರು. ಆಯುಧ ಕೆಳಗಿಟ್ಟವರಿಗೆಲ್ಲ ಕ್ಷಮೆ ಸಿಕ್ಕಿತ್ತು. ನಮ್ಮೂರಲ್ಲಿ ಒಬ್ಬನಿಗೆ ಮಾತ್ರ ಇಲ್ಲ: ಹಬ್ಬದ ಮಾರನೆಯ ಬೆಳಿಗ್ಗೆ ದೊಡ್ಡ ಗಂಟೆ ಬಾರಿಸಿ ಮೂರು ಕಣಿವೆಯ ಜನರನ್ನು ಎಬ್ಬಿಸಿದವನಿಗೆ.

ಆ ಒಬ್ಬ ಡಿಗರಿ ಎಂದು ತೀರ್ಮಾನವಾಗಿತ್ತು. ಗಂಟೆ ಹೊಡೆಯುವುದೇ ಅವನ ಕೆಲಸ, ಅವನಪ್ಪನ ಕೆಲಸವೂ ಅದೇ. ಮೇಲಾಗಿ, ಕಣ್ಣಾರೆ ಕಂಡೆ ಎಂದು ಆಣೆಯಿಟ್ಟು ಹೇಳಿದ ಸಾಕ್ಷಿಯಿದ್ದ.

ನಾನಂತೂ ಆ ಗಲಾಟೆಯಲ್ಲಿ ಇರಲೇ ಇಲ್ಲ. ಕೈಗವಸು ಮಾರಲು ಎಕ್ಸೆಟರ್ ಪಟ್ಟಣಕ್ಕೆ ಹೋದವನು ಜ್ವರ ಬಂದು ಷಡ್ಡಕನ ಮನೆಯಲ್ಲಿ ಮಲಗಿದೆ. ಏಳುವ ಹೊತ್ತಿಗೆ ನಮ್ಮೂರಿನವರೇ ಬಂದು ಆ ಪಟ್ಟಣದ ಕೋಟೆಗೆ ಮುತ್ತಿಗೆ ಹಾಕಿದ್ದರು. ಗೋಡೆಯ ಒಳಗೆ ನಾನು, ಹೊರಗೆ ನನ್ನ ಊರು. ಕೊನೆಕೊನೆಗೆ ಕುದುರೆ ಮಾಂಸ ತಿಂದು ಬದುಕಿಕೊಂಡೆ. ಊರಲ್ಲಿ ಕೈ ಕೊಳೆಯಾಗದವನು ನಾನೊಬ್ಬನೇ ಎಂದು ರಾಜನ ಸೈನ್ಯದ ಕ್ಯಾಪ್ಟನ್ ಫೆನ್ವಿಕ್ ನನ್ನ ಕೈಗೆ ಕಾವಲಿನ ದೊಣ್ಣೆ ಕೊಟ್ಟಿದ್ದ.

ಚರ್ಚಿನ ಅಂಗಳದ ದೊಡ್ಡ ಮರದ ಕೊಂಬೆಗೆ ಹಗ್ಗ ಬಿದ್ದಾಗಿತ್ತು. ಕೆಳಗೆ ಗಾಡಿ. ಗಾಡಿಯ ಮೇಲೆ ಡಿಗರಿ. ಬಲಗೈಯನ್ನು ಎದೆಗೆ ಒತ್ತಿಕೊಂಡೇ ಇದ್ದ. ಹಬ್ಬದ ಹಿಂದಿನ ದಿನ ಗೋಪುರದ ಏಣಿಯಿಂದ ಬಿದ್ದು ಅವನ ಭುಜದ ಮೂಳೆ ಮುರಿದಿದ್ದು ಊರಿಗೆಲ್ಲ ಗೊತ್ತು. ಇನ್ನೂ ನೆಟ್ಟಗೆ ಕೂಡಿರಲಿಲ್ಲ.

"ಏನೋ ಹಂಫ್ರಿ," ಎಂದ ನನ್ನನ್ನು ಕಂಡು. "ನಿನ್ನ ಮುಖ ನೋಡಿದ್ರೆ ನೇಣು ನಿಂಗೆ ಅಂದ್ಕೋತಾರೆ ಜನ. ಸ್ವಲ್ಪ ನಗೋ."

ಮೂವತ್ತು ವರ್ಷದ ಗೆಳೆತನ. ಒಂದೇ ತೊರೆಯಲ್ಲಿ ಮೀನು ಕದ್ದವರು ನಾವು. ಅವನ ಮಾತಿಗೆ ನನ್ನ ಕಣ್ಣಲ್ಲಿ ನೀರು ಬಂತು, ಆಮೇಲೆ ಸಿಟ್ಟೂ ಬಂತು. ಸಾಯಲು ನಿಂತವನು ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಉಳಿದುಕೊಳ್ಳುತ್ತಿದ್ದ, ಹೇಳಿರಲಿಲ್ಲ.

ಕ್ಯಾಪ್ಟನ್ ಫೆನ್ವಿಕ್ ಸಮಾಧಿ ಕಲ್ಲಿನ ಮೇಲೆ ಕೂತು ಪೇರಳೆ ಹಣ್ಣು ಕೊಯ್ದು ತಿನ್ನುತ್ತಿದ್ದ. ದಪ್ಪ ಮನುಷ್ಯ, ದೂರದ ಉತ್ತರದವನು. ಸೊಂಟಕ್ಕೆ ಸಿಕ್ಕಿಸಿದ ಕೈಗವಸು ನನ್ನ ಅಂಗಡಿಯದೇ. ಮಣಿಕಟ್ಟಿನ ಹತ್ತಿರ ನಾನು ಎಲ್ಲ ಮಾಲಿಗೂ ಹಾಕುವ ಗುರುತಿತ್ತು, ಅರ್ಧಚಂದ್ರ, ಅದರ ಹೊಟ್ಟೆಯಲ್ಲಿ ಒಂದು ಚುಕ್ಕೆ.

"ತಡವಾಯ್ತಲ್ಲ ಹಂಫ್ರಿ ಟೋಜರ್."

"ಕ್ಯಾಪ್ಟನ್‌ರೇ, ಹಗ್ಗ ಎಳೆಯೋ ಮುಂಚೆ ಇನ್ನೊಂದು ಹಗ್ಗ ಎಳೀಬೇಕು. ಗಂಟೆಯದು."

ಅವನ ಚಾಕು ನಿಂತಿತು. ಊರಿಗೆ ಕಾಲಿಟ್ಟ ದಿನವೇ ಅವನು ಗಂಟೆಯ ಹಗ್ಗವನ್ನು ಸುತ್ತಿಸಿ ಅರಗಿನ ಮೊಹರು ಹಾಕಿಸಿದ್ದ. ಗಂಡಸರು ಮರಳಿ ಬರುವವರೆಗೆ ದೊಡ್ಡ ಗಂಟೆ ಮುಟ್ಟಬೇಡಿ ಎಂದು ಅದಕ್ಕೂ ಮೊದಲು ನಮ್ಮ ಪಾದ್ರಿ ಹೇಳಿದ್ದರು. ಅಂದರೆ ಆ ಬೆಳಿಗ್ಗೆಯ ನಂತರ ಯಾರೂ ಅದನ್ನು ಮುಟ್ಟಿರಲಿಲ್ಲ. ಸತ್ತವರಿಗೂ ಚಿಕ್ಕ ಗಂಟೆಯೇ.

"ಈ ಗಂಟೆ ಇನ್ನೊಂದ್ ಸಲ ಕೂಗಿದ್ರೆ ಕಣಿವೆ ಕಣಿವೇನೇ ಮತ್ತೆ ಎದ್ದು ಬರುತ್ತೆ. ತಲೆ ಕೆಟ್ಟಿದ್ಯಾ ನಿಂಗೆ?"

"ಕೂಗಿದ್ರೆ ಡಿಗರಿ ಪಕ್ಕ ನನಗೂ ಒಂದು ಕುಣಿಕೆ ಕಟ್ಟಿ. ಕೊಂಬೆ ಗಟ್ಟಿಯಾಗೇ ಇದೆ."

ಹೇಳಿದ ಮೇಲೆ ಕೊಂಬೆಯನ್ನೊಮ್ಮೆ ನೋಡಿದೆ. ನಿಜಕ್ಕೂ ಗಟ್ಟಿಯಾಗಿತ್ತು.

 ಕ್ಯಾಪ್ಟನ್ ಚಾಕು ಒರೆಸಿ ಎದ್ದ. "ಯಾರು ಎಳೆಯೋದು?"

"ಸಾಕ್ಷಿ ಹೇಳಿದವರು. ಗಾವನ್ ಲಸ್ಕಂ."

ಲಸ್ಕಂ ಊರಿನ ಗಿರಣಿ ಯಜಮಾನ, ಚರ್ಚಿನ ಮೇಲ್ವಿಚಾರಕ. ಭಾನುವಾರ ಮುಂದಿನ ಸಾಲಿನಲ್ಲಿ ಕೂರುವವನು. ಜನರ ನಡುವೆ ಹಿಂದೆ ಹಿಂದೆ ಸರಿಯುತ್ತಿದ್ದವನನ್ನು ಇಬ್ಬರು ಸಿಪಾಯಿಗಳು ಕರೆತಂದರು.

ಗೋಪುರದ ಕೆಳಗಿನ ಕೋಣೆಗೆ ನಾವು ಹೋದೆವು. ಉಳಿದವರು ಬಾಗಿಲಲ್ಲಿ ತುಂಬಿಕೊಂಡರು. ಡಿಗರಿಯನ್ನೂ ಗಾಡಿಯಿಂದ ಇಳಿಸಿ ತಂದರು. ಅವನ ನಗು ಮಾಯವಾಗಿತ್ತು. "ಬೇಡ ಹಂಫ್ರಿ," ಎಂದು ಪಿಸುಗುಟ್ಟಿದ. ಹೆದರಿದವನ ದನಿ ಅದು. ಕುಣಿಕೆಯ ಕೆಳಗೆ ಹೆದರದವನು ಇಲ್ಲಿ ಯಾಕೆ ಹೆದರುತ್ತಾನೆ ಎಂದು ಆಗ ನನಗೆ ಹೊಳೆಯಲಿಲ್ಲ.

"ಲಸ್ಕಂ ಯಜಮಾನ್ರೇ," ನಾನು ಕೇಳಿದೆ, "ಅವತ್ತು ನೀವು ಕಂಡಿದ್ದು ಏನು?"

"ಎಷ್ಟ್ ಸಲ ಹೇಳ್ಬೇಕಯ್ಯಾ? ಇವನು ಇಲ್ಲೇ ನಿಂತಿದ್ದ. ಎಡಗೈಲಿ ಹಗ್ಗ ಹಿಡ್ಕೊಂಡು, ಮೈಯೆಲ್ಲಾ ಜೋತುಬಿಟ್ಟು ಎಳೀತಿದ್ದ."

"ಮೇಲೆ ಹತ್ತಿದ್ದನ್ನ ನೋಡಿದ್ರಾ?"

"ಮುರಿದ ಭುಜ ಇಟ್ಕೊಂಡು ಆ ಏಣೀನಾ? ಕೋತಿ ಕೂಡ ಹತ್ತಲ್ಲ. ಇಲ್ಲೇ ನಿಂತು ಹೊಡೆದ."

"ಆಯ್ತು. ಹಾಗೇ ಎಳೆದು ತೋರಿಸಿ."

ಸಿಪಾಯಿ ಮೊಹರು ಒಡೆದ. ಲಸ್ಕಂ ಹಗ್ಗ ಹಿಡಿದ. ಮೊದಲ ಎಳೆತಕ್ಕೆ ಮೇಲೆ ಮರದ ತೊಲೆಗಳು ನರಳಿದವು. ಎರಡನೆಯದಕ್ಕೆ ಪಾರಿವಾಳಗಳು ಪಟಪಟನೆ ಹಾರಿದವು. ಬಾಗಿಲಲ್ಲಿದ್ದ ಹೆಂಗಸೊಬ್ಬಳು ಕಿವಿ ಮುಚ್ಚಿಕೊಂಡಳು. ಮೂರನೆಯದಕ್ಕೆ ಗಂಟೆ ಪೂರ್ತಿ ತೂಗಾಡಿತು, ಅದರ ಭಾರಕ್ಕೆ ಕಲ್ಲಿನ ಗೋಡೆ ನಡುಗಿದ್ದು ನನ್ನ ಅಂಗಾಲಿಗೆ ತಿಳಿಯಿತು.

ಸದ್ದು ಮಾತ್ರ ಇಲ್ಲ.

ಲಸ್ಕಂ ಜೋತುಬಿದ್ದು ಎಳೆದ. ಬೆವರಿದ. ಕಿರ್ರೆನ್ನುವ ತೊಲೆಯ ಹೊರತು ಏನೂ ಕೇಳಲಿಲ್ಲ. ಮೂರು ಕಣಿವೆಗೆ ಕೇಳುವ ಗಂಟೆ ಮೂರು ಮಾರು ಕೆಳಗಿದ್ದ ನಮಗೆ ಕೇಳಲಿಲ್ಲ.

"ಸಾಕು ಬಿಡಿ," ಎಂದೆ. "ಕೈ ಬೊಬ್ಬೆ ಬರುತ್ತೆ. ಅದಕ್ಕೆ ನಾಲಿಗೆ ಇಲ್ಲ." ಅಂಗಿಯೊಳಗಿಂದ ಪಟ್ಟಿ ತೆಗೆದು ಕ್ಯಾಪ್ಟನ್ ಕೈಗಿಟ್ಟೆ. "ನಾಲಿಗೆ ತೂಗೋ ಪಟ್ಟಿ ಇದು. ಕೊಳೆತು ಹರಿದಿತ್ತು. ಹಬ್ಬದ ಹಿಂದಿನ ದಿನವೇ ಬಿಚ್ಚಿ ನನ್ನ ಅಂಗಡಿಗೆ ಬಂದಿದೆ. ಇವತ್ತಿನವರೆಗೂ ಪಟಿಕದ ನೀರಲ್ಲೇ ಇತ್ತು."

ಕ್ಯಾಪ್ಟನ್ ದಡ್ಡನಲ್ಲ. ಪಟ್ಟಿ ಮೂಸಿ ನೋಡಿ ಮೂಗು ಮುರಿದ. "ಆಮೇಲೆ ಬಿಚ್ಚಿರಬಾರದು ಯಾಕೆ? ಗೆಳೆಯನ್ನ ಉಳಿಸೋಕೆ ನೀನೇ ನಿನ್ನೆ ಬಿಚ್ಚಿರಬಹುದಲ್ಲ?"

"ಮೊಹರು ನಿಮ್ಮದು, ಕಾವಲು ನಿಮ್ಮ ಸಿಪಾಯಿಗಳದು. ನನ್ನ ಮಾತು ಬಿಡಿ. ಅವತ್ತು ಗಂಟೆ ಹೇಗೆ ಕೇಳಿಸ್ತು ಅಂತ ಇವರನ್ನ ಕೇಳಿ."

ಕ್ಯಾಪ್ಟನ್ ಬಾಗಿಲ ಕಡೆ ತಿರುಗಿದ. ಹತ್ತಿರ ನಿಂತಿದ್ದವಳು ಜಾಕೆಟ್ ಎಂಬ ಮುದುಕಿ, ಹಾಲು ಮಾರುವವಳು. "ಹೇಳಮ್ಮ. ಅವತ್ತು ಗಂಟೆ ಹೇಗೆ ಹೊಡೀತು?"

"ನೆಗಡಿ ಆದೋರ ಥರ," ಎಂದಳು ಜಾಕೆಟ್.

"ಏನು?"

"ನೆಗಡಿ ಸ್ವಾಮಿ, ನೆಗಡಿ. ನಮ್ಮ ದೊಡ್ಡ ಗಂಟೇದು ಬೆಳ್ಳಿ ಗಂಟಲು. ಅವತ್ತು ಬೊಂಕ್, ಬೊಂಕ್ ಅಂತಿತ್ತು. ಒಂದ್ ಹೊಡೆತ ಬೇಗ, ಒಂದ್ ತಡ. ಡಿಗರಿ ಕುಡಿದಿದ್ದಾನೆ ಅಂದ್ಕೊಂಡ್ವಿ."

"ಹೌದೌದು, ನೆಗಡಿನೇ," ಎಂದು ಹಿಂದಿನಿಂದ ಇನ್ನಷ್ಟು ದನಿಗಳು ಬಂದವು. ಎಲ್ಲರಿಗೂ ಕೇಳಿತ್ತು. ಇಷ್ಟು ದಿನ ಯಾರೂ ಕೇಳಿರಲಿಲ್ಲ, ಆದ್ದರಿಂದ ಯಾರೂ ಹೇಳಿರಲಿಲ್ಲ.

"ಕಬ್ಬಿಣದ ನಾಲಿಗೆ ಹೊಡೆದ್ರೆ ಹಾಗೆ ಕೇಳಲ್ಲ," ಎಂದೆ. "ಮೇಲೆ ಹತ್ತಿ, ಗಂಟೆ ಹೊರಮೈಗೆ, ಮರದ ತುಂಡಲ್ಲಿ ಯಾರೋ ಹೊಡೆದಿದ್ದಾರೆ. ಆ ಏಣೀನ ಡಿಗರಿ ಅವತ್ತು ಹತ್ತೋಕಾಗಲ್ಲ ಅಂತ ಯಜಮಾನ್ರೇ ಈಗ ತಾನೆ ಹೇಳಿದ್ರು."

ಎಲ್ಲರ ಕಣ್ಣೂ ಲಸ್ಕಂ ಮೇಲೆ ಬಿತ್ತು. ಅವನ ಕೈಲಿ ಹಗ್ಗ ಇನ್ನೂ ಇತ್ತು. ಅದನ್ನು ಬಿಟ್ಟುಬಿಟ್ಟರೆ ಬಿದ್ದುಹೋಗುವವನಂತೆ ಹಿಡಿದುಕೊಂಡಿದ್ದ.

"ನೀವು ಅವತ್ತು ಎಲ್ಲಿದ್ರಿ?" ಕ್ಯಾಪ್ಟನ್ ಕೇಳಿದ, ಮೆತ್ತಗೆ.

"ಹಾಸಿಗೇಲಿ." ಲಸ್ಕಂ ಹಗ್ಗ ಬಿಟ್ಟ. "ಗಂಟೆ ಕೇಳ್ತು. ಗಂಟೆ ಅಂದ್ರೆ ಡಿಗರಿ ತಾನೇ ಸ್ವಾಮಿ? ಹುಟ್ಟಿದಾಗಿಂದ ಹಾಗೇ. ಅವನಲ್ದೆ ಇನ್ಯಾರು ಅಂತ... ನೋಡಿದ ಹಾಗೇ ಅನ್ನಿಸ್ತು."

"ಅನ್ನಿಸ್ತು ಅಂತ ಆಣೆ ಇಟ್ರಾ?"

"ನೀವು ಒಂದು ಹೆಸರು ಕೇಳಿದ್ರಿ. ನಾನು ಬಾವುಟ ಹಿಡಿದು ಎಕ್ಸೆಟರ್ ತನಕ ಹೋಗಿದ್ದೆ. ಹೆಸರು ಕೊಡದೇ ಇದ್ರೆ ನನ್ನ ಹೆಸರೇ ಬರೀತೀರೇನೋ ಅಂತ ಹೆದ್ರಿಕೊಂಡೆ." ಅವನು ಅಳತೊಡಗಿದ. ದೊಡ್ಡ ಮನುಷ್ಯ ಜನರೆದುರು ಮೂಗು ಸೋರಿಸಿಕೊಂಡು ಅತ್ತ. ನನಗೆ ಅವನನ್ನು ಒದೆಯಬೇಕೆನಿಸಿತು, ಪಾಪ ಎಂದೂ ಎನಿಸಿತು. ಆ ಬೇಸಿಗೆಯಲ್ಲಿ ಹೆದರದವರು ಯಾರಿದ್ದರು?

ಕ್ಯಾಪ್ಟನ್ ಡಿಗರಿಯ ಮುಂದೆ ಹೋಗಿ ನಿಂತ. "ಹಬ್ಬದ ಹಿಂದಿನ ದಿನ ನೀನೇ ಬಿಚ್ಚಿದ್ಯಾ?"

"ಹೂಂ. ಬಿಚ್ಚುವಾಗಲೇ ಬಿದ್ದಿದ್ದು."

"ಇಷ್ಟು ದಿನ ಯಾಕೆ ಬಾಯಿಬಿಡ್ಲಿಲ್ಲ?"

"ಹಗ್ಗ ಎಳೆದ್ಯಾ ಅಂತ ಕೇಳಿದ್ರಿ. ಇಲ್ಲ ಅಂದೆ. ನಂಬ್ಲಿಲ್ಲ." ಡಿಗರಿ ನೆಲ ನೋಡುತ್ತ ಹೇಳಿದ. ಅಷ್ಟೇ.

 ಕ್ಯಾಪ್ಟನ್ ಪಟ್ಟಿಯನ್ನು ನನ್ನ ಕೈಗೆ ವಾಪಸು ಕೊಟ್ಟ. "ಇವನ ಕಟ್ಟು ಬಿಚ್ಚಿ," ಎಂದ ಸಿಪಾಯಿಗೆ. "ನಂಗೂ ನೇಣು ಹಾಕಿ ಹಾಕಿ ಸಾಕಾಗಿದೆ. ಇವತ್ತಾದ್ರೂ ಊಟ ಸೇರುತ್ತೇನೋ."

ನನ್ನ ಹೊಟ್ಟೆಗೆ ಹಾಲು ಹುಯ್ದಂತಾಯಿತು. ಜಾಕೆಟ್ ಡಿಗರಿಯನ್ನು ತಬ್ಬಿಕೊಂಡು ಅತ್ತಳು, ಅವನ ಭುಜ ನೋಯಿಸಿ ಬೈಸಿಕೊಂಡಳು. ಡಿಗರಿಯ ತಂಗಿ ಅಲ್ಲೇ ಕುಸಿದು ಕೂತು ನಗುತ್ತಿದ್ದಳು, ನಿಲ್ಲಿಸಲು ಅವಳಿಗೇ ಆಗಲಿಲ್ಲ. ತಿಂಗಳುಗಟ್ಟಲೆ ಒಬ್ಬರ ಮುಖ ಒಬ್ಬರು ನೋಡದ ಜನ ಅವತ್ತು ಒಬ್ಬರ ಬೆನ್ನು ಒಬ್ಬರು ತಟ್ಟಿದರು. ಯಾರೋ ಮರ ಹತ್ತಿ ಕುಣಿಕೆ ಬಿಚ್ಚಿದರು. ಅದನ್ನು ಕಂಡು ನಾನೂ ಅತ್ತೆ, ಮುಚ್ಚಿಟ್ಟುಕೊಳ್ಳುವುದೇನಿದೆ.

"ಟೋಜರ್." ಕ್ಯಾಪ್ಟನ್ ನನ್ನ ತೋಳು ಹಿಡಿದ. "ಒಂದು ನೇಣು ತಪ್ಪಿಸಿದೆ. ಸಂತೋಷ. ಹಾಗಾದ್ರೆ ಮೇಲೆ ಹತ್ತಿ ಹೊಡೆದಿದ್ದು ಯಾರು ಅಂತ ಭಾನುವಾರದೊಳಗೆ ನೀನೇ ಹೇಳಬೇಕು. ಹೋಗಿ ನೋಡು ಮೇಲೆ. ನನ್ನ ಭಾರ ಆ ಏಣಿ ತಡೆಯಲ್ಲ."

ಸಂತೋಷದ ಹುಮ್ಮಸ್ಸಿನಲ್ಲಿ ಅರ್ಧ ಏಣಿ ಹತ್ತಿಬಿಟ್ಟೆ. ಅರ್ಧದಲ್ಲಿ ಕಾಲು ನಿಂತಿತು.

ಗಂಟೆಗೆ ನಾಲಿಗೆಯಿಲ್ಲ ಎಂದು ಗೊತ್ತಿಲ್ಲದವನು ಏನು ಮಾಡುತ್ತಾನೆ? ಬಂದು ಹಗ್ಗ ಎಳೆಯುತ್ತಾನೆ. ಸದ್ದು ಬರದಿದ್ದರೆ ಗಾಬರಿಬಿದ್ದು ಓಡುತ್ತಾನೆ. ಮರದ ತುಂಡು ಹಿಡಿದುಕೊಂಡೇ ಬಂದವರು ಮೊದಲೇ ತಿಳಿದು ಬಂದವರು. ಪಟ್ಟಿ ಬಿಚ್ಚಿದ್ದು ಡಿಗರಿಗೆ ಗೊತ್ತಿತ್ತು. ಅದನ್ನು ಅವನ ಕೈಯಿಂದ ಇಸಿದುಕೊಂಡವರಿಗೆ ಗೊತ್ತಿತ್ತು.

ಮುಂದಿನ ಮೆಟ್ಟಿಲು ಹತ್ತಲು ನನಗೆ ಮನಸ್ಸಿರಲಿಲ್ಲ. ಆದರೂ ಹತ್ತಿದೆ.

ಮೇಲೆ ಪಾರಿವಾಳದ ಹಿಕ್ಕೆ, ಹುಲ್ಲು, ಮೂಲೆಯಲ್ಲಿ ಬಿದ್ದ ಕಬ್ಬಿಣದ ನಾಲಿಗೆ. ಗಂಟೆಯ ಹೊರಮೈಯಲ್ಲಿ ಒಂದೇ ಕಡೆ ಹಸಿರು ಕಿಲುಬು ಉದುರಿ ಕಂಚು ಹೊಳೆಯುತ್ತಿತ್ತು. ನನ್ನ ಎದೆಯ ಎತ್ತರ. ಗಂಡಸಾದರೆ ಇನ್ನೂ ಮೇಲೆ ಹೊಡೆಯುತ್ತಿದ್ದ.

ಎರಡು ತೊಲೆಗಳ ಸಂದಿಯಲ್ಲಿ ಅದು ಸಿಕ್ಕಿಕೊಂಡಿತ್ತು. ಸೇಬಿನ ಮರದ ಅಗಲವಾದ ಹಲಗೆ, ಅಂಚೆಲ್ಲ ಜಜ್ಜಿಹೋಗಿತ್ತು, ಹಿಡಿಯ ಬುಡದಲ್ಲಿ ಮುರಿದಿತ್ತು. ಬಟ್ಟೆ ಬಡಿಯುವ ಬಡಿಗೆ. ಬಿಸಿ ಪಾತ್ರೆ ಇಟ್ಟು ಸುಟ್ಟ ಕಪ್ಪು ಬಳೆಯಂಥ ಗುರುತು ಅದರ ಮೇಲಿತ್ತು. ಅವತ್ತು ಪಾತ್ರೆ ಇಟ್ಟವನು ನಾನೇ, ಬೈಸಿಕೊಂಡವನೂ ನಾನೇ. ಹಳೇದು ತೊರೆಯಲ್ಲಿ ಕೊಚ್ಚಿಹೋಯ್ತು ಎಂದು ವಿಲ್ಮಟ್ ಹೇಳಿದ್ದಕ್ಕೆ ಎಕ್ಸೆಟರ್‌ನಿಂದ ಬಂದ ವಾರವೇ ಹೊಸದು ಕೆತ್ತಿಕೊಟ್ಟಿದ್ದೆ.

ಹಲಗೆಯನ್ನು ಅಂಗಿಯೊಳಗೆ ತುರುಕಿಕೊಂಡೆ. ಮುರಿದ ಹಿಡಿಗಾಗಿ ಹುಲ್ಲೆಲ್ಲ ಕೆದಕಿದೆ. ಸಿಗಲಿಲ್ಲ. ಮನೆಗೆ ತೆಗೆದುಕೊಂಡು ಹೋಗಿರಬೇಕು ಎಂದುಕೊಂಡು ಇಳಿದೆ.

"ಏನ್ ಸಿಕ್ತು?" ಕ್ಯಾಪ್ಟನ್ ಕೇಳಿದ.

"ಪಾರಿವಾಳದ ಹಿಕ್ಕೆ. ಬುಟ್ಟಿಗಟ್ಟಲೆ."

ಅವನು ಕೈಗವಸು ಹಾಕಿಕೊಳ್ಳುತ್ತ ತಲೆಯಾಡಿಸಿದ. ನಂಬಿದನೋ ಇಲ್ಲವೋ ತಿಳಿಯಲಿಲ್ಲ.

ಊರಿನವರೆಲ್ಲ ಬಿಯರ್ ಪೀಪಾಯಿಯ ಕಡೆ ಹೋದರು. ಡಿಗರಿ ನನ್ನ ಪಕ್ಕ ಹಾದುಹೋಗುವಾಗ ಒಂದು ಗಳಿಗೆ ನಿಂತ. "ನಾನು ಮನಸಾರೆ ಬಾಯಿ ಮುಚ್ಕೊಂಡಿದ್ದೆ ಕಣೋ," ಎಂದ ಮೆಲ್ಲಗೆ. "ನನ್ನ ಭುಜ ಕಟ್ಟಿದ ಕೈ ಅದು." ನಾನು ಅವನ ಒಳ್ಳೆಯ ಭುಜದ ಮೇಲೆ ಕೈಯಿಟ್ಟೆ. 

ವಿಲ್ಮಟ್ ತೊರೆಯ ಹತ್ತಿರ ಒಬ್ಬಳೇ ಇದ್ದಳು. ಬಟ್ಟೆಯ ರಾಶಿ ಒಣಗಿದ ಹಾಗೇ ಇತ್ತು. ಹೊಸ ಬಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿ ನೋಡುತ್ತ ಕೂತಿದ್ದಳು.

"ಬಿಟ್ರಾ?"

"ಬಿಟ್ರು. ಕುಡೀತಾ ಕೂತಿದ್ದಾನೆ."

ಅವಳು ಕಣ್ಣು ಮುಚ್ಚಿಕೊಂಡು ಉದ್ದಕ್ಕೆ ಉಸಿರು ಬಿಟ್ಟಳು. ಮುಖವೆಲ್ಲ ಅರಳಿತು. ಮದುವೆಯ ದಿನ ಕಂಡಿದ್ದ ಮುಖ. "ದೇವರು ದೊಡ್ಡವನು," ಎಂದಳು. ಆಮೇಲೆ ಕಣ್ಣು ಬಿಟ್ಟು ನನ್ನ ಅಂಗಿಯ ಉಬ್ಬನ್ನು ನೋಡಿದಳು. "ಹಾಗಾದ್ರೆ ಮೇಲೆ ಹತ್ತಿದ್ರಿ."

ತೊಟ್ಟಿ ಖಾಲಿ ಮಾಡಿ ಎಂದು ಬೆಳಗಿನಿಂದ ಪೀಡಿಸಿದವಳು ಇದನ್ನೆಲ್ಲ ತಿಳಿದೇ ಪೀಡಿಸಿದ್ದಳು. ಪಟ್ಟಿ ಸಿಕ್ಕರೆ ಡಿಗರಿ ಉಳಿಯುತ್ತಾನೆ, ಡಿಗರಿ ಉಳಿದರೆ ಜನ ಗೋಪುರ ಹತ್ತುತ್ತಾರೆ. ನಾನು ಅವಳ ಪಕ್ಕ ಕೂತೆ. ಬೈಯಲು ಬಂದವನು ಅವಳ ಕೈ ಹಿಡಿದುಕೊಂಡೆ.

"ಯಾಕೆ ಹೊಡೆದೆ ಗಂಟೇನ? ನೀನು ಪೂಜೆ ವಿಷ್ಯಕ್ಕೆ ಜಗಳ ಆಡಿದವಳೇ ಅಲ್ಲ."

"ಜನ ಏಳ್ಲಿ ಅಂತ ಹೊಡೀಲಿಲ್ಲ. ಡಿಗರಿ ಕೈಲಾಗ್ತಿರ್ಲಿಲ್ಲ, ಬೆಳಗಿನ ಪೂಜೆಗೆ ಅವನ ಬದಲು ನಾನು ಹೊಡೆದೆ, ಜನ ಬೇರೇನೇ ಅಂದ್ಕೊಂಡ್ರು. ಮೊದ್ಲು ಅದನ್ನ ಕೊಡಿ, ಒಲೆಗೆ ಹಾಕಿಬಿಡೋಣ. ಮುಗಿದುಹೋಗ್ಲಿ."

ಹಲಗೆ ತೆಗೆದು ಅವಳ ಮಡಿಲಿಗಿಟ್ಟೆ. ಕಪ್ಪು ಬಳೆಯ ಮೇಲೆ ಅವಳು ಬೆರಳಾಡಿಸಿದಳು. ಮತ್ತೆ ನನ್ನ ಮುಂದೆ ಕೈ ಚಾಚಿದಳು.

"ಹಿಡಿ ಎಲ್ಲಿ?"

"ಹಿಡಿ ಅಲ್ಲಿರ್ಲಿಲ್ಲ. ನೀನೇ ತಂದಿದ್ದೀಯ ಅಂದ್ಕೊಂಡೆ."

ವಿಲ್ಮಟ್ ಕೈ ಹಾಗೇ ಗಾಳಿಯಲ್ಲಿ ನಿಂತಿತು. "ಇಲ್ಲ ಕಣ್ರೀ. ಮುರಿದ ಮೇಲೆ ಎರಡು ತುಂಡನ್ನೂ ಒಟ್ಟಿಗೇ ಆ ಸಂದೀಲಿ ಸಿಕ್ಕಿಸಿ ಬಂದೆ."

ಆ ಹಿಡಿಯ ತುದಿಯಲ್ಲಿ ಮದುವೆಗೆ ಮುಂಚೆ ನಾನೇ ಕೊರೆದ ಗುರುತಿದೆ. ಅರ್ಧಚಂದ್ರ, ಅದರ ಹೊಟ್ಟೆಯಲ್ಲಿ ಒಂದು ಚುಕ್ಕೆ. ಕ್ಯಾಪ್ಟನ್ ದಿನಾ ಬೆಳಿಗ್ಗೆ ಕೈಗೆ ಹಾಕಿಕೊಳ್ಳುವ ಗುರುತು.

ನನಗಿಂತ ಮೊದಲು ಯಾರೋ ಆ ಏಣಿ ಹತ್ತಿ ಹಿಡಿಯನ್ನು ಒಯ್ದಿದ್ದರು. ನಮ್ಮನ್ನು ಕಾಯಲು ಡಿಗರಿಯೇ ತೆಗೆದಿಟ್ಟ ಎನ್ನುವ ಹಾಗೂ ಇಲ್ಲ. ಅವನಿಂದ ಹತ್ತಲಾಗುತ್ತಿರಲಿಲ್ಲ ಎಂದು ಅವತ್ತೇ ಇಡೀ ಊರಿನ ಮುಂದೆ ಸಾಬೀತು ಮಾಡಿದವನು ನಾನೇ.